ಹಿತ್ತಲಲ್ಲಿ ಕರ್ನಾಟಕ, ಅಡುಗೆಮನೆಯಲ್ಲಿ ಕೇರಳ

ಕುಂಜತ್ತೂರಿನ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಒಂದು ಕಾಲಕ್ಕೆ ಮೊಬೈಲಿಗೂ ಜಾಗ ಗೊತ್ತಾಗಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಮಳೆ ಬಂದರೆ ಮಾಡಿನ ಕೆಳಗೆ. ತಲಪಾಡಿ ಗಡಿಗೆ ಕೂಗಳತೆಯ, ಕೇರಳದ ಬದಿಯ ಮನೆ ಅದು. ಹಿತ್ತಲಲ್ಲಿ ನಿಂತರೆ ಕರ್ನಾಟಕದ ಟವರ್ ಸಿಗುತ್ತಿತ್ತು, ಅಡುಗೆಮನೆಗೆ ಬಂದರೆ ಕೇರಳದ್ದು. ಸಿಮ್ ಮಂಗಳೂರಿನಲ್ಲಿ ಕೊಂಡದ್ದು. ಮಗ ಓದುವುದು ದೇರಳಕಟ್ಟೆಯಲ್ಲಿ, ಆಸ್ಪತ್ರೆ ಮಂಗಳೂರಿನಲ್ಲಿ, ಚಿನ್ನ ಕೊಳ್ಳುವುದೂ ಸೀರೆ ಕೊಳ್ಳುವುದೂ ಅಲ್ಲೇ. ಮತ್ತೆ ಸಿಮ್ ಮಾತ್ರ ಕಾಸರಗೋಡಿನದ್ದು ಏಕೆ?

ಆದರೆ ಒಗ್ಗರಣೆ ಹಾಕುವಾಗ ಫೋನ್ ಬಂತೋ, ಕರೆನ್ಸಿ ಕರಗುತ್ತಿತ್ತು. ಹೊರಗೆ ಹೋಗುವ ಕರೆಗೆ ಅಲ್ಲ, ಒಳಗೆ ಬಂದ ಕರೆಗೆ. ಚಿಕ್ಕಮ್ಮ ಇದನ್ನು ಯಾವತ್ತೂ ಒಪ್ಪಲಿಲ್ಲ. "ನೆಂಟರು ಬಂದರೆ ಊಟ ಹಾಕುವುದು ಸರಿ. ಅವರ ಬಸ್ ಚಾರ್ಜೂ ನಾವೇ ಕೊಡಬೇಕೋ?" ಎನ್ನುತ್ತಿದ್ದರು. ಕೊನೆಗೆ ತಾಯಿ ಮಗ ಸೇರಿ ಮಿಸ್ಡ್ ಕಾಲ್ ಭಾಷೆಯೊಂದನ್ನು ಮಾಡಿಕೊಂಡರು. ಒಂದು ರಿಂಗ್ ಎಂದರೆ ಬಸ್ ಸಿಕ್ಕಿತು. ಎರಡು ರಿಂಗ್ ಎಂದರೆ ಇವತ್ತು ಹಾಸ್ಟೆಲಿನಲ್ಲೇ ಇರುತ್ತೇನೆ. ಮೂರಾದರೆ ಹಿತ್ತಲಿಗೆ ಓಡಿ.

ಗಡಿನಾಡಿನವರಿಗೆ ಇದೆಲ್ಲ ಹೊಸದಲ್ಲ. ಅತ್ತಿಬೆಲೆ ದಾಟಿ ಹೊಸೂರಿಗೆ ಹೋದವರಿಗೂ, ನಿಪ್ಪಾಣಿಯಿಂದ ಕಾಗಲ್ ಕಡೆಗೆ ಹೊರಟವರಿಗೂ 'ಸ್ವಾಗತ' ಎಂಬ ಎಸ್ಸೆಮ್ಮೆಸ್ ಬಂದಾಗ ಎದೆ ಸ್ವಲ್ಪ ಧಸಕ್ಕೆನ್ನುತ್ತಿತ್ತು. ಜಗತ್ತಿನಲ್ಲಿ ಸ್ವಾಗತ ಕೋರಿದ್ದಕ್ಕೇ ಗಾಬರಿಯಾಗುವ ಸಂದರ್ಭ ಇದೊಂದೇ ಇರಬೇಕು.

ಈ ರೋಮಿಂಗ್ ಶುಲ್ಕ ಎಲ್ಲಿಂದ ಬಂತು ಎಂಬುದನ್ನು ಒಮ್ಮೆ ನೋಡಬೇಕು. ತೊಂಬತ್ತರ ದಶಕದಲ್ಲಿ ಮೊಬೈಲ್ ಪರವಾನಗಿ ಕೊಡುವಾಗ ಸರ್ಕಾರ ದೇಶವನ್ನು 'ಸರ್ಕಲ್'ಗಳಾಗಿ ಹೋಳು ಮಾಡಿತು. ಕರ್ನಾಟಕ ಒಂದು ಸರ್ಕಲ್, ಕೇರಳ ಇನ್ನೊಂದು, ಗೋವಾ ಮಹಾರಾಷ್ಟ್ರದ ಜೊತೆಗೆ. ಒಂದೊಂದು ಸರ್ಕಲ್ಲಿಗೆ ಬೇರೆ ಬೇರೆ ಕಂಪನಿಗಳು. ನಮ್ಮ ಕಂಪನಿಯ ಗಿರಾಕಿ ಪಕ್ಕದ ಸರ್ಕಲ್ಲಿಗೆ ಹೋದರೆ ಅಲ್ಲಿ ಬೇರೆಯವರ ಮನೆಯ ಅತಿಥಿ. ಆ ಮನೆಯವರು ಈ ಮನೆಯವರಿಗೆ ಬಿಲ್ ಕಳಿಸುತ್ತಿದ್ದರು, ಈ ಮನೆಯವರು ಅದರ ಮೇಲೆ ತಮ್ಮದಿಷ್ಟು ಸೇರಿಸಿ ನಮ್ಮಿಂದ ವಸೂಲಿ ಮಾಡುತ್ತಿದ್ದರು. ಅಲ್ಲಿಯವರೆಗೆ ಒಂದು ನ್ಯಾಯ ಇತ್ತೆನ್ನೋಣ. ಆದರೆ ಕ್ರಮೇಣ ಸಣ್ಣ ಕಂಪನಿಗಳನ್ನು ದೊಡ್ಡವು ನುಂಗಿ, ಎರಡೂ ಕಡೆಯ ಟವರ್ ಒಬ್ಬನದೇ ಆದ ಮೇಲೂ ಶುಲ್ಕ ಹಾಗೆಯೇ ಉಳಿಯಿತು. ಚಾವಡಿಯಿಂದ ಪಡಸಾಲೆಗೆ ಹೋದದ್ದಕ್ಕೆ ಮನೆ ಮಾಲೀಕ ಬಾಡಿಗೆ ಕೇಳಿದ ಹಾಗೆ.

2007ರಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಒಂದು ಮಿತಿ ಹಾಕಿತು. ರೋಮಿಂಗಿನಲ್ಲಿ ಬರುವ ಕರೆಗೆ ನಿಮಿಷಕ್ಕೆ ಹೆಚ್ಚೆಂದರೆ 1 ರೂಪಾಯಿ 75 ಪೈಸೆ. 2013ರ ಜುಲೈಯಲ್ಲಿ ಅದು 75 ಪೈಸೆಗೆ ಇಳಿಯಿತು, 2015ರ ಮೇ ತಿಂಗಳಲ್ಲಿ 45 ಪೈಸೆಗೆ. ಅದೇ ವರ್ಷ ಜೂನ್‌ನಲ್ಲಿ ಬಿಎಸ್‌ಎನ್‌ಎಲ್ ಒಳಬರುವ ಕರೆಯನ್ನು ಪುಕ್ಕಟೆ ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ರೋಮಿಂಗ್ ಶುಲ್ಕವೇ ಇಲ್ಲದೆ ಮಾರುಕಟ್ಟೆಗೆ ಇಳಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಕೈಬಿಟ್ಟರು. ಇಷ್ಟಕ್ಕೆ ತಲಪಾಡಿಯ ಆಚೆ ಈಚೆ ಹೊಸ ಟವರ್ ಏಳಬೇಕಾಗಲಿಲ್ಲ, ಹೊಸ ಯಂತ್ರ ಬರಬೇಕಾಗಲಿಲ್ಲ. ಚಿಕ್ಕಮ್ಮನ ಅಡುಗೆಮನೆಗೆ ಬರುತ್ತಿದ್ದುದು ಅದೇ ಕೇರಳದ ಅಲೆ. ಬದಲಾದದ್ದು ಲೆಕ್ಕ ಬರೆಯುವ ರೀತಿ ಮಾತ್ರ.

ಈ ಹಳೇ ಕಥೆ ಈಗ ನೆನಪಾಗಲು ನೇಪಾಳಕ್ಕೆ ಹೋಗಿ ಬಂದವರು ಕಾರಣ. ನಮ್ಮ ಕಡೆಯ ಯಾತ್ರೆಯ ಬಸ್ಸುಗಳು ಕಾಶಿ, ಅಯೋಧ್ಯೆ ಮುಗಿಸಿ ಗೋರಖ್‌ಪುರದ ಮೇಲೆ ಸೋನೌಲಿಗೆ ಹೋಗುತ್ತವೆ. ಅಲ್ಲೊಂದು ಕಮಾನು, ದಾಟಿದರೆ ನೇಪಾಳ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ಮತದಾರರ ಚೀಟಿ ಸಾಕು. 1950ರ ಒಪ್ಪಂದದಿಂದ ಇತ್ತ ಎರಡೂ ದೇಶದವರು ಪಕ್ಕದ ಬೀದಿಗೆ ಹೋದಂತೆ ಹೋಗಿ ಬರುತ್ತಾರೆ. ನಮ್ಮ ನೂರು ರೂಪಾಯಿಗೆ ಅವರ ನೂರಾ ಅರವತ್ತು ಎಂಬ ದರ 1993ರಿಂದ ಅಲುಗಾಡಿಲ್ಲ. ಕಠ್ಮಂಡುವಿನ ಪಶುಪತಿನಾಥನಿಗೆ ಪೂಜೆ ಮಾಡುವವರೂ ನಮ್ಮ ಕರಾವಳಿ, ಘಟ್ಟದ ಕಡೆಯ ಭಟ್ಟರೇ. ಮನುಷ್ಯ, ರೂಪಾಯಿ, ದೇವರ ಪೂಜೆ ಎಲ್ಲಕ್ಕೂ ಬಾಗಿಲು ತೆರೆದಿದೆ. ಜೇಬಿನಲ್ಲಿರುವ ಫೋನು ಮಾತ್ರ ಕಮಾನು ದಾಟಿದ ಕೂಡಲೇ ಅಮೆರಿಕಕ್ಕೆ ಹೋದಂತೆ ಆಡುತ್ತದೆ. ಸಿಮ್ಮಿನ ಒಳಗಿನ ಗುರುತು ಸಂಖ್ಯೆ ಭಾರತದ 404 ಅಥವಾ 405ರಿಂದ ಶುರುವಾಗುತ್ತದೆ, ನೇಪಾಳದ್ದು 429ರಿಂದ. ಟವರು ಆ ಮೂರು ಅಂಕಿ ನೋಡಿ 'ಇವನು ಪರದೇಶಿ' ಎಂದು ತೀರ್ಮಾನಿಸುತ್ತದೆ. ಅಂತಾರಾಷ್ಟ್ರೀಯ ಪ್ಯಾಕ್ ಹಾಕಿಸದಿದ್ದರೆ ಫೋನು ಮೂಕ. ಹಾಕಿಸಿದರೆ ಮೂರು ದಿನದ ಮಾತಿಗೆ ಊರಿನ ತಿಂಗಳ ರೀಚಾರ್ಜಿಗಿಂತ ಹೆಚ್ಚು.

ಇದರಲ್ಲೊಂದು ತಮಾಷೆಯೂ ಇದೆ. 2024ರ ಮಾರ್ಚ್‌ನಿಂದ ನೇಪಾಳದ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಎರಡು ದೇಶದ ಬ್ಯಾಂಕು, ಎರಡು ಬಗೆಯ ನೋಟು, ಅವುಗಳ ವಿನಿಮಯ, ಇಷ್ಟು ಜಟಿಲವಾದದ್ದನ್ನು ಕೂತು ಬಗೆಹರಿಸಿದರು. ಪೋಖರಾದ ಚಹಾದಂಗಡಿಯಲ್ಲಿ ಕ್ಯೂಆರ್ ಚೀಟಿ ಕಣ್ಣೆದುರೇ ನೇತಾಡುತ್ತದೆ. ಅದಕ್ಕೆ ಫೋನ್ ಹಿಡಿಯಲು ಮಾತ್ರ ನೆಟ್ ಇಲ್ಲ.

ಯಾತ್ರಿಕರ ಪಾಡು ನಾಲ್ಕು ದಿನದ್ದು, ಹೋಗಲಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ, ಮೊಮೊ ಗಾಡಿಗಳ ಹಿಂದೆ ನಿಂತ ನೇಪಾಳದವರನ್ನು ಕೇಳಿ ನೋಡಿ. ದಶೈಂ ಹಬ್ಬಕ್ಕೆ ಊರಿಗೆ ಹೋದರೆ ತಿಂಗಳೇ ಆಗುತ್ತದೆ. ಸಂಬಳ ಬೀಳುವ ಖಾತೆಗೆ ಜೋಡಿಸಿದ್ದು ಇಲ್ಲಿನ ನಂಬರ್. ಗಡಿ ದಾಟಿದ ಮೇಲೆ ಆ ನಂಬರ್ ಸತ್ತರೆ ಒಟಿಪಿ ಬರುವುದಿಲ್ಲ, ಒಟಿಪಿ ಬರದಿದ್ದರೆ ಇಲ್ಲಿರುವ ತನ್ನದೇ ದುಡ್ಡು ಅಲ್ಲಿ ತನಗೆ ಸಿಗುವುದಿಲ್ಲ. ಹಬ್ಬದ ಖರ್ಚಿನ ಹೊತ್ತಿನಲ್ಲೇ.

ಎರಡು ದೇಶಗಳೆಂದ ಮೇಲೆ ಇದೆಲ್ಲ ಇದ್ದದ್ದೇ ಎನ್ನುವವರಿಗೆ ಆಫ್ರಿಕಾ ತೋರಿಸಬೇಕು. ಕೀನ್ಯಾ, ಉಗಾಂಡಾ, ತಾಂಜಾನಿಯಾ ಮೂರು ದೇಶಗಳಲ್ಲಿ ಸೆಲ್‌ಟೆಲ್ ಎಂಬ ಕಂಪನಿ 2006ರಲ್ಲೇ ರೋಮಿಂಗ್ ತೆಗೆದುಹಾಕಿತ್ತು. ಯಾವ ದೇಶದ ಸಿಮ್ ಆದರೂ ನಿಂತ ನೆಲದ ದರ, ಒಳಬರುವ ಕರೆ ಪುಕ್ಕಟೆ. ಮುಂದೆ ಹೆಸರು ಬದಲಾದ ಆ ಕಂಪನಿಯ ಆಫ್ರಿಕಾ ವ್ಯವಹಾರದ ಬಹುಪಾಲನ್ನು 2010ರಲ್ಲಿ ಕೊಂಡದ್ದು ಬೇರೆ ಯಾರೂ ಅಲ್ಲ, ನಮ್ಮ ಭಾರ್ತಿ ಏರ್‌ಟೆಲ್. ವಿಕ್ಟೋರಿಯಾ ಸರೋವರದ ಸುತ್ತ ಆಗುವಂಥದ್ದು ಸೋನೌಲಿಯ ಕಮಾನಿನ ಬಳಿ ಏಕಾಗದು?

ಯುರೋಪಿನಲ್ಲಿ ಹತ್ತು ವರ್ಷ ಹಿಡಿಯಿತು. 2007ರಲ್ಲಿ ಮಿತಿ ಹೇರಲು ಶುರು ಮಾಡಿ, 2017ರ ಜೂನ್ 15ರಂದು ಒಕ್ಕೂಟದ ಒಳಗಿನ ರೋಮಿಂಗ್ ಶುಲ್ಕವನ್ನು ಮುಗಿಸಿದರು. ನನಗೆ ಅದಕ್ಕಿಂತ ಪಾಠ ಅನ್ನಿಸುವುದು ಬ್ರಿಟನ್ನಿನ ಕಥೆ. ಬ್ರಿಟನ್ ಒಕ್ಕೂಟ ಬಿಟ್ಟು ಹೊರಬಂದ ಮೇಲೆ 2022ರಲ್ಲಿ ಅಲ್ಲಿನ ಕೆಲವು ದೊಡ್ಡ ಕಂಪನಿಗಳು ಯುರೋಪಿಗೆ ಹೋಗುವವರ ಮೇಲೆ ಶುಲ್ಕವನ್ನು ಮತ್ತೆ ತಂದವು. ಟವರು ಅವೇ, ತಂತಿ ಅವೇ. ಕಾನೂನು ಕೈ ಬಿಟ್ಟಿತು, ಬಿಲ್ಲು ಎದ್ದು ಕೂತಿತು.

ನೇಪಾಳದ ಕಂಪನಿಗಳಿಗೂ ಒಂದು ಅಳಲು ಇದ್ದೀತು, ಅದನ್ನು ತಳ್ಳಿಹಾಕುವಂತಿಲ್ಲ. ಬೆಟ್ಟದ ಮೇಲೆ ಟವರ್ ನಿಲ್ಲಿಸಿ ನಡೆಸುವುದು ಸುಲಭದ ಕೆಲಸವಲ್ಲ. ಭಾರತದ ಅಗ್ಗದ ಸಿಮ್ ಕೊಂಡು ನೇಪಾಳದಲ್ಲಿ ವರ್ಷಪೂರ್ತಿ ಬಳಸಿದರೆ ಅವರ ಬುಡಕ್ಕೇ ಕೊಡಲಿ. ಯುರೋಪಿನಲ್ಲೂ ಇದೇ ಆತಂಕ ಇತ್ತು. ಅದಕ್ಕೇ ಅಲ್ಲಿ ಕಂಪನಿ ಕಂಪನಿಗಳ ನಡುವಿನ ಸಗಟು ದರಕ್ಕೂ ಮಿತಿ ಹಾಕಿದರು, ಪ್ರಯಾಣಕ್ಕೆ ಮಾತ್ರ ಸವಲತ್ತು, ಕಾಯಂ ವಾಸಕ್ಕಲ್ಲ ಎಂದೂ ಬರೆದರು. ನಮ್ಮಲ್ಲೂ ಮೊದಲು ಮೂವತ್ತು ದಿನ ಎನ್ನಲಿ. ಒಳಬರುವ ಕರೆ, ಎಸ್ಸೆಮ್ಮೆಸ್ ಪುಕ್ಕಟೆ ಮಾಡಲಿ, ನಕಾಶೆ ನೋಡಲು ಚಹಾದ ದುಡ್ಡು ಕೊಡಲು ಸಾಕಾಗುವಷ್ಟು ಡೇಟಾ ಊರಿನ ದರದಲ್ಲಿ ಕೊಡಲಿ. ಮಾತುಕತೆಗೆ ಜಗಲಿಯೂ ಹೊಸದಾಗಿ ಕಟ್ಟಬೇಕಿಲ್ಲ. ದಕ್ಷಿಣ ಏಷ್ಯಾದ ದೂರಸಂಪರ್ಕ ನಿಯಂತ್ರಕರ ಮಂಡಳಿ 1997ರಿಂದ ಇದೆ, ಎರಡೂ ದೇಶಗಳು ಅದರಲ್ಲಿವೆ. ಟ್ರಾಯ್ ತಲಪಾಡಿಯಲ್ಲಿ ಮಾಡಿದ್ದನ್ನು ಸೋನೌಲಿಯಲ್ಲೂ ಮಾಡಲು ಮೊದಲ ಹೆಜ್ಜೆ ಇಡಬೇಕು. ದೊಡ್ಡ ಮನೆಯವರು ನಾವು.

ಅಲ್ಲಿಯವರೆಗೆ ನೇಪಾಳದ ಮುಕ್ತಿನಾಥಕ್ಕೆ ಹೊರಟವರು ಗೋರಖ್‌ಪುರದಲ್ಲೇ ಫೋನಿನ ಡೇಟಾ ರೋಮಿಂಗ್ ಆಫ್ ಮಾಡಿಕೊಳ್ಳಿ, ನೆಟ್‌ವರ್ಕನ್ನು ತಾನಾಗಿ ಹುಡುಕಲು ಬಿಡದೆ ನೀವೇ ಆರಿಸಿಕೊಳ್ಳಿ. ಕಮಾನು ಕಾಣಲಿ ಎಂದು ಕಾಯಬೇಡಿ. ಟವರಿಗೆ ಕಮಾನು ಕಾಣುವುದಿಲ್ಲ.