ಗೊಂಬೆಗೆ ಮುಖ ಬರೆಯುವ ಲೆಕ್ಕ

ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿಯ ಸುತ್ತಮುತ್ತ ಎರಿ ಭೂಮಿ. ಮಳೆ ಬಿದ್ದರೆ ಕಾಲಿಗೆ ಅಂಟುವ ಕಪ್ಪು ಮಣ್ಣು. ಈ ಸೀಮೆಯ ಮಕ್ಕಳಿಗೆ ಮಣ್ಣಿನ ಗೊಂಬೆ ಹೊಸದಲ್ಲ. ಕಾರಹುಣ್ಣಿಮೆ ಕಳೆದು ಅಮಾವಾಸ್ಯೆ ಬಂತೆಂದರೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಭಾದ್ರಪದದಲ್ಲಿ ಗಣಪ್ಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಕುಳಿತು ಬರುವ ಜೋಕುಮಾರ. ಮಣ್ಣೆತ್ತಿನ ಮುಖಕ್ಕೆ ಎರಡು ಜೋಳದ ಕಾಳು ಒತ್ತಿದರೆ ಸಾಕು, ಎತ್ತು ನೋಡತೊಡಗುತ್ತದೆ. ಜೋಕುಮಾರನಿಗೆ ಅಗಲವಾದ ಕಣ್ಣು, ದೊಡ್ಡ ಬಾಯಿ ಇದ್ದರಾಯಿತು. ಹೋಲಿಕೆ ಸರಿಯಿಲ್ಲ ಎಂದು ಯಾರೂ ತಗಾದೆ ತೆಗೆಯುವುದಿಲ್ಲ. ಏಕೆಂದರೆ ನಿಜವಾದ ಜೋಕುಮಾರನನ್ನು ಕಂಡವರು ಯಾರೂ ಇಲ್ಲ!

ಆದರೆ ಅದೇ ಮಣ್ಣಿನಲ್ಲಿ ಒಬ್ಬ ಹುಡುಗ ಸಿನಿಮಾದ ಪಾತ್ರವೊಂದನ್ನು ಮಾಡಲು ಕುಳಿತನೆಂದು ಇಟ್ಟುಕೊಳ್ಳಿ. 1977ರ 'ಬಭ್ರುವಾಹನ' ಚಿತ್ರದ ಬಭ್ರುವಾಹನನೇ ಆಗಲಿ. ಒಂದು ಗೇಣಿಗಿಂತ ತುಸು ಚಿಕ್ಕ ಗೊಂಬೆ. ಕಿರೀಟ ಬಂತು, ಬಿಲ್ಲು ಬಂತು, ಭುಜಕೀರ್ತಿಯೂ ಬಂತು. ಮುಖಕ್ಕೆ ಬಣ್ಣ ಹಾಕಿದ ಕೂಡಲೇ ಮನೆಮಂದಿ ನಗುತ್ತಾರೆ. "ಇದು ಯಾರಪ್ಪಾ? ರಾಜಕುಮಾರ್ ಅಂತೂ ಅಲ್ಲ!" ಹುಡುಗ ಗೊಂಬೆಯನ್ನು ಮೂಲೆಗಿಟ್ಟು ತನಗೆ ಚಿತ್ರಕಲೆ ಬರುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತಾನೆ. ಎಷ್ಟೋ ಮಕ್ಕಳ ಕುಂಚ ಇಂಥ ಒಂದು ನಗೆಗೆ ಒಣಗಿಹೋಗುತ್ತದೆ. ನಿಜವಾಗಿ ನೋಡಿದರೆ ತಪ್ಪು ಕೈಯದಲ್ಲ. ನೋಡುವ ಕ್ರಮದಲ್ಲಿ ಒಂದು ಸಣ್ಣ ಲೆಕ್ಕ ತಪ್ಪಿರುತ್ತದೆ, ಅಷ್ಟೆ.

ಮುಖಕ್ಕೇ ಏಕೆ ಇಷ್ಟು ಕಠಿಣ ಪರೀಕ್ಷೆ?

ಕೈಬೆರಳು ತುಸು ದಪ್ಪವಾದರೆ, ಮೊಣಕಾಲು ಸೊಟ್ಟಗಾದರೆ ಯಾರೂ ಗಮನಿಸರು. ಮುಖದಲ್ಲಿ ಹುಬ್ಬು ಕೂದಲೆಳೆಯಷ್ಟು ಮೇಲಾದರೂ ಗೊತ್ತಾಗುತ್ತದೆ. ನಮ್ಮ ಮಿದುಳಿನ ತಳಭಾಗದಲ್ಲಿ, ಕಿವಿಗಳ ಹಿಂಬದಿಗೆ ಬರುವ ಒಂದು ಪ್ರದೇಶ ಮುಖಗಳನ್ನು ಗುರುತಿಸುವುದರಲ್ಲಿ ವಿಶೇಷವಾಗಿ ಪಳಗಿದೆ. ಹುಟ್ಟಿದ ಕೂಸು ಕೂಡ ಬೇರೆ ಆಕಾರಗಳಿಗಿಂತ ಮುಖದಂಥ ಆಕಾರದ ಕಡೆ ಹೆಚ್ಚು ಹೊರಳುತ್ತದೆ. ಮೋಡದಲ್ಲಿ, ಗೋಡೆಯ ಕಲೆಯಲ್ಲಿ ಮುಖ ಕಾಣುವುದು ಇದೇ ಕಾರಣಕ್ಕೆ. ಹೀಗಾಗಿ ಮುಖದ ವಿಷಯದಲ್ಲಿ ಮನೆಯ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಪರೀಕ್ಷಕರೇ.

ಸಿನಿಮಾ ಪಾತ್ರದಲ್ಲಿ ಇನ್ನೂ ಒಂದು ತೊಡಕುಂಟು. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ಆ ಚಿತ್ರದಲ್ಲಿ ತಂದೆ ಅರ್ಜುನನೂ ಮಗ ಬಭ್ರುವಾಹನನೂ ರಾಜಕುಮಾರ್ ಅವರೇ. ಮೂಗು ಒಂದೇ, ದವಡೆ ಒಂದೇ, ಆದರೆ ಪಾತ್ರ ಎರಡು. ಮೂಗಿನಿಂದ ನಟ ಸಿಕ್ಕಾನು. ಪಾತ್ರ ಸಿಗಬೇಕಾದರೆ ಹುಬ್ಬಿನ ಬಾಗು, ರೆಪ್ಪೆ ತೆರೆದಿರುವ ಪ್ರಮಾಣ, ತುಟಿಯಂಚಿನ ಬಿಗುವನ್ನು ನೋಡಬೇಕು.

ಮೂರು ಮೀಟರಿನ ಗುಟ್ಟು

ಈಗ ಲೆಕ್ಕಕ್ಕೆ ಬರೋಣ. 165 ಸೆಂಟಿಮೀಟರ್ ಎತ್ತರದ ಮನುಷ್ಯನನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದರೆ ಗೊಂಬೆಯ ಎತ್ತರ 16.5 ಸೆಂಟಿಮೀಟರ್. ತಲೆ ಸುಮಾರು 2.2 ಸೆಂಟಿಮೀಟರ್. ತೆರೆದ ಕಣ್ಣಿನ ಅಗಲ ನಮ್ಮಲ್ಲಿ ಸುಮಾರು 3 ಸೆಂಟಿಮೀಟರ್ ಇದ್ದರೆ ಗೊಂಬೆಯಲ್ಲಿ 3 ಮಿಲಿಮೀಟರ್. ಕಣ್ಣಿನ ಕರಿಯಾಲಿ ನಮ್ಮಲ್ಲಿ 12 ಮಿಲಿಮೀಟರ್, ಗೊಂಬೆಯಲ್ಲಿ 1.2 ಮಿಲಿಮೀಟರ್, ಅಂದರೆ ಸಾಸಿವೆ ಕಾಳಿಗಿಂತ ಚಿಕ್ಕದು.

ಈ ಪುಟ್ಟ ಜಾಗದಲ್ಲಿ ಹುಡುಗ ಏನು ಮಾಡುತ್ತಾನೆ? ಕಣ್ಣಿನ ಬಗ್ಗೆ ತನಗೆ ತಿಳಿದದ್ದನ್ನೆಲ್ಲ ಬರೆಯುತ್ತಾನೆ. ರೆಪ್ಪೆಗೂದಲು ಒಂದೊಂದಾಗಿ, ಸುತ್ತ ಕಪ್ಪು ಗೆರೆ, ಒಳಗೆ ಅಚ್ಚ ಬಿಳಿ, ನಡುವೆ ಪೂರ್ತಿ ದುಂಡಾದ ಕರಿಯಾಲಿ. ಫಲಿತಾಂಶ, ಹೆದರಿದ ಗೂಬೆ!

ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳನ್ನು ಇಲ್ಲಿ ನೆನೆಯಬೇಕು. ಹತ್ತನೆಯ ಒಂದು ಪಾಲಿನ ಗೊಂಬೆಯನ್ನು ಕಣ್ಣಿನಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ, ಅದು ನಮ್ಮ ಕಣ್ಣಿನಲ್ಲಿ ಮಾಡುವ ಕೋನವೂ 3 ಮೀಟರ್ ದೂರದಲ್ಲಿ ನಿಂತ ಮನುಷ್ಯ ಮಾಡುವ ಕೋನವೂ ಒಂದೇ. ಅಂದಮೇಲೆ ಗೊಂಬೆಯ ಮುಖದಲ್ಲಿ ಇರಬೇಕಾದದ್ದು 3 ಮೀಟರ್ ದೂರದ ಮುಖದಲ್ಲಿ ಕಾಣುವಷ್ಟು ಮಾತ್ರ. ಒಳ್ಳೆಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದವರೆಗೆ ಬೇರ್ಪಡಿಸಿ ನೋಡಬಲ್ಲದು. 3 ಮೀಟರ್ ದೂರದಲ್ಲಿ ಅದು ಸುಮಾರು 0.9 ಮಿಲಿಮೀಟರ್. ರೆಪ್ಪೆಗೂದಲಿನ ದಪ್ಪ ಸುಮಾರು 0.1 ಮಿಲಿಮೀಟರ್ ಮಾತ್ರ. ಆ ದೂರದಿಂದ ಕೂದಲುಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ, ಎಲ್ಲ ಸೇರಿ ಮೇಲಿನ ರೆಪ್ಪೆಯಲ್ಲಿ ಒಂದು ಗಾಢ ಗೆರೆಯಾಗಿ ಕಾಣುತ್ತವೆ. ಗೊಂಬೆಗೂ ಅದೊಂದೇ ಗೆರೆ ಸಾಕು. ಕೆಳಗಿನ ರೆಪ್ಪೆಗೆ ಕಪ್ಪು ಬೇಡ, ಮಸುಕಾದ ಕಂದು ಸಾಕು. 5 ಸೆಂಟಿಮೀಟರಿನ ಗೊಂಬೆಯಾದರೆ ಸುಮಾರು 10 ಮೀಟರ್ ದೂರದ ಮನುಷ್ಯನನ್ನು ನೋಡಬೇಕು. ಅಲ್ಲಿ ಕಣ್ಣೆಂದರೆ ಹುಬ್ಬಿನ ಕೆಳಗಿನ ಒಂದು ನೆರಳು, ಅದರೊಳಗೊಂದು ಮಿಂಚು.

ಹಾಗಾದರೆ ಕೊಪ್ಪಳದ ಕಡೆಯ ಕಿನ್ನಾಳದ ಗೊಂಬೆಗಳಿಗೆ ಅಷ್ಟು ದೊಡ್ಡ ಕಣ್ಣೇಕೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಹಗುರ ಮರ, ಹುಣಸೆ ಬೀಜದ ಅಂಟು ಬಳಸಿ ಅಲ್ಲಿನ ಚಿತ್ರಗಾರರು ಮಾಡುವ ದೇವರ ಮುಖಗಳು ಒಬ್ಬ ಮನುಷ್ಯನ ಹೋಲಿಕೆಗಾಗಿ ಬರೆದವಲ್ಲ. ದೂರದಿಂದ ಬಂದ ಭಕ್ತನಿಗೂ ದೇವರು ತನ್ನನ್ನೇ ನೋಡುತ್ತಿದ್ದಾನೆ ಅನ್ನಿಸಬೇಕು. ಅದರ ಗುರಿ ಬೇರೆ, ಅದಕ್ಕೆ ತಕ್ಕ ಕ್ರಮವೂ ಬೇರೆ. ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯಬಾರದು.

ಬಣ್ಣದಲ್ಲಿ ಕಾಣುವ ಜೀವ

ಕಣ್ಣಿನ ಬಿಳಿ ನಿಜಕ್ಕೂ ಬಿಳಿಯಲ್ಲ. ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬಿದ್ದಿರುತ್ತದೆ. ಆದ್ದರಿಂದ ಬಿಳಿಗೆ ಚೂರು ಕಂದು ಬೆರೆಸಬೇಕು. ಕರಿಯಾಲಿಯ ಮೇಲಂಚನ್ನು ರೆಪ್ಪೆ ಮುಚ್ಚಿರಬೇಕು. ಪೂರ್ತಿ ದುಂಡು ಕಂಡರೆ ಮುಖಕ್ಕೆ ಗಾಬರಿ ಬರುತ್ತದೆ. ಕೊನೆಗಿಡುವ ಬೆಳಕಿನ ಚುಕ್ಕೆ ಎರಡೂ ಕಣ್ಣಲ್ಲಿ ಒಂದೇ ಬದಿಗೆ ಇರಬೇಕು. ಎಡಗಣ್ಣಲ್ಲಿ ಎಡಕ್ಕೆ, ಬಲಗಣ್ಣಲ್ಲಿ ಬಲಕ್ಕೆ ಇಟ್ಟರೆ ಎರಡು ಸೂರ್ಯರು ಇದ್ದಂತಾಗುತ್ತದೆ!

ಚರ್ಮದ ಬಣ್ಣವೂ ಒಂದೇ ಡಬ್ಬಿಯಲ್ಲಿ ಸಿಗುವಂಥದ್ದಲ್ಲ. ಮೇಲ್ಪದರದ ಮೆಲನಿನ್ ಕಂದು ಬಣ್ಣ ಕೊಡುತ್ತದೆ, ಒಳಗಿನ ರಕ್ತ ಕೆಂಪು ಕೊಡುತ್ತದೆ. ಮೂಗಿನ ತುದಿ, ಕೆನ್ನೆ, ಕಿವಿ ತುಸು ಕೆಂಪಗಿರುತ್ತವೆ. ಗಡ್ಡ ಬೋಳಿಸಿದ ದವಡೆ ಬೂದು ನೀಲಿಯಾಗಿ ಕಾಣುವುದು ಚರ್ಮದಡಿಯ ಕೂದಲಿನ ಬುಡಗಳಿಂದ. ಕಾವಿ ಬಣ್ಣಕ್ಕೆ ಹಳದಿ, ಬಿಳಿ ಬೆರೆಸಿ ತೆಳುವಾಗಿ ಪದರದ ಮೇಲೆ ಪದರ ಹಾಕಿದರೆ ಕೆಳಗಿನ ಬಣ್ಣ ಮೇಲಕ್ಕೆ ಇಣುಕುತ್ತದೆ. ದಪ್ಪಗೆ ಒಮ್ಮೆಲೇ ಬಳಿದರೆ ಸುಣ್ಣ ಬಳಿದ ಗೋಡೆ. ಹುಬ್ಬಿನ ಕೆಳಗೆ, ಮೂಗಿನ ಬದಿಗೆ, ಕೆಳತುಟಿಯ ಅಡಿಗೆ ನೆರಳು ಕೊಡಲು ಅಚ್ಚ ಕಪ್ಪು ಬೇಡ. ಅದೇ ಚರ್ಮದ ಬಣ್ಣಕ್ಕೆ ಕಂದು, ಒಂದು ಹನಿ ನೀಲಿ ಸಾಕು.

ಸಣ್ಣ ಕೆಲಸಕ್ಕೆ ಅತಿ ಸಣ್ಣ ಕುಂಚವೇ ಬೇಕೆಂದು ಪಾಲಕರು ಪೇಟೆ ಸುತ್ತಬೇಕಿಲ್ಲ. ನಾಲ್ಕೇ ಕೂದಲಿನ ಕುಂಚದಲ್ಲಿ ನಿಲ್ಲುವ ಬಣ್ಣ ತೀರ ಕಡಿಮೆ. ಹನಿ ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಹಾಗಾಗಿ ಗೊಂಬೆ ಮುಟ್ಟುವ ಮೊದಲೇ ಒಣಗುತ್ತದೆ. ಹೊಟ್ಟೆ ತುಸು ದಪ್ಪ, ತುದಿ ಚೂಪು ಇರುವ ಒಂದನೆಯ ನಂಬರಿನ ಕುಂಚವೇ ಲೇಸು.

ಕುಂಚ ಬಾಯಿಗೆ ಹೋಗದಿರಲಿ

ತುದಿ ಚೂಪು ಮಾಡಲು ಕುಂಚವನ್ನು ತುಟಿಯ ನಡುವೆ ಎಳೆಯುವ ಚಟ ಬಹಳ ಮಕ್ಕಳಿಗಿದೆ. ಇದನ್ನು ಇಂದೇ ಬಿಡಿಸಬೇಕು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿ 1917ರಿಂದ ಕೆಲವು ವರ್ಷ ತರುಣಿಯರು ಗಡಿಯಾರದ ಮುಖಕ್ಕೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣದಿಂದ ಅಂಕಿ ಬರೆಯುತ್ತಿದ್ದರು. ಅಂಕಿ ನವುರಾಗಿ ಬರಲೆಂದು ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುವುದನ್ನು ಅವರಿಗೆ ಕೆಲಸದಲ್ಲೇ ಕಲಿಸಿದ್ದರು. ರೇಡಿಯಂ ಎಲುಬಿಗೆ ಸೇರಿ ದವಡೆ ಕೊಳೆತು ಹಲವರು ಸತ್ತರು. ಉಳಿದವರಲ್ಲಿ ಐವರು ಕೋರ್ಟಿನ ಮೆಟ್ಟಿಲೇರಿ 1928ರಲ್ಲಿ ಪರಿಹಾರ ಪಡೆದರು.

ನಮ್ಮ ಬಣ್ಣದ ಡಬ್ಬಿಯಲ್ಲಿ ರೇಡಿಯಂ ಇಲ್ಲ, ನಿಜ. ಆದರೆ ಕೆಲವು ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರಬಹುದು. ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ಕೆಟ್ಟದ್ದು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಬಾರದೆಂದು ನಮ್ಮ ದೇಶದಲ್ಲಿ 2016ರಲ್ಲಿ ನಿಯಮ ಬಂತು. ಮಾಳಿಗೆಯ ಮೇಲಿನ ಹಳೆಯ ಡಬ್ಬಿಗೆ ಆ ನಿಯಮ ಗೊತ್ತಿಲ್ಲ! ಅದನ್ನು ಮಕ್ಕಳ ಕೈಗೆ ಕೊಡಬೇಡಿ. ನೀರಿನಲ್ಲಿ ಕರಗುವ, ಮಕ್ಕಳಿಗೆಂದೇ ಮಾಡಿದ ಬಣ್ಣ ಕೊಡಿ. ಕುಂಚದ ತುದಿಯನ್ನು ಒದ್ದೆ ಬಟ್ಟೆಯ ಮೇಲೆ ಹೊರಳಿಸಿದರೂ ಚೂಪಾಗುತ್ತದೆ.

ಮಾಡಿ ನೋಡಿ

ಗೆಳೆಯನನ್ನು 3 ಮೀಟರ್ ದೂರದಲ್ಲಿ ಕಿಟಕಿಯ ಪಕ್ಕಕ್ಕೆ ನಿಲ್ಲಿಸಿ. ಅವನ ಮುಖದಲ್ಲಿ ಗಾಢವಾಗಿ ಕಾಣುವ ಐದು ಜಾಗ, ಬೆಳಕಾಗಿ ಕಾಣುವ ಐದು ಜಾಗ ಪಟ್ಟಿ ಮಾಡಿ. ರೆಪ್ಪೆಗೂದಲು ಆ ಪಟ್ಟಿಯಲ್ಲಿ ಬಂದಿದೆಯೇ ನೋಡಿ.

ಇನ್ನೊಂದು. ಸಿನಿಮಾ ಚಿತ್ರವೊಂದನ್ನು ತಲೆಕೆಳಗಾಗಿಟ್ಟು ಅದರ ನೆರಳುಗಳ ಆಕಾರವನ್ನಷ್ಟೇ ನಕಲು ಮಾಡಿ. ತಲೆಕೆಳಗಾದ ಮುಖವನ್ನು ಮಿದುಳು ಮುಖವೆಂದು ಒಟ್ಟಾಗಿ ಓದಲಾರದು, ಆದ್ದರಿಂದ 'ಕಣ್ಣು ಹೀಗೇ ಇರುತ್ತದೆ' ಎಂಬ ಹಳೆಯ ಪಾಠ ಅಡ್ಡ ಬರುವುದಿಲ್ಲ. ಆದರೆ ತಪ್ಪು ಹುಡುಕುವಾಗ ಗೊಂಬೆಯನ್ನು ನೆಟ್ಟಗೆ ಹಿಡಿದು ಕನ್ನಡಿಯಲ್ಲಿ ನೋಡಬೇಕು. ಒಂದು ಕಣ್ಣು ಮೇಲಾಗಿದ್ದರೆ ಕನ್ನಡಿ ತಕ್ಷಣ ಹೇಳುತ್ತದೆ.

ಪಾಲಕರಿಗೂ ಒಂದು ಕೆಲಸವಿದೆ. ಮಗು ಗೊಂಬೆ ತಂದು ತೋರಿಸಿದಾಗ ಇದು ಯಾರೆಂದು ನಗುವ ಬದಲು ಹುಬ್ಬು ಸರಿಯೋ, ತುಟಿ ಸರಿಯೋ ಎಂದು ಅದರ ಜೊತೆ ಕುಳಿತು ನೋಡಿ. ತಿಳಿದದ್ದನ್ನು ಪಕ್ಕಕ್ಕಿಟ್ಟು ಕಂಡದ್ದನ್ನು ಬರೆಯಲು ಕಲಿತ ಮಗು ಪ್ರಯೋಗಶಾಲೆಯ ಸೂಕ್ಷ್ಮದರ್ಶಕದಲ್ಲೂ ಕಂಡದ್ದನ್ನೇ ಬರೆಯುತ್ತದೆ, ಪಕ್ಕದವನ ಪುಸ್ತಕದಲ್ಲಿರುವುದನ್ನಲ್ಲ.