ಗೆಜ್ಜೆ ಕಟ್ಟುವ ಮೊದಲು ಚಾಪೆ ಹಾಸಿ

ಭರತನಾಟ್ಯ ಕಲಿಸುವ ನಾವು ಮಕ್ಕಳಿಗೆ ಅಡವು ಹೇಳಿಕೊಡುತ್ತೇವೆ, ಶ್ಲೋಕ ಬಾಯಿಪಾಠ ಮಾಡಿಸುತ್ತೇವೆ, ತಾಳ ತಪ್ಪಿದರೆ ಗದರುತ್ತೇವೆ. ಇಷ್ಟೆಲ್ಲ ಹೊರಬೇಕಾದ ಮೈಯನ್ನು ಮಾತ್ರ ಅದರ ಪಾಡಿಗೆ ಬಿಟ್ಟುಬಿಡುತ್ತೇವೆ. ಮೈಸೂರಿನ ನನ್ನ ತರಗತಿಯಲ್ಲಿ ಈಗ ವಾರಕ್ಕೆರಡು ದಿನ ತಟ್ಟಡವಿಗೆ ಮೊದಲು ಚಾಪೆ ಹಾಸಿ ಪಿಲಾಟಿಸ್ ವ್ಯಾಯಾಮ ಮಾಡಿಸುತ್ತೇನೆ. ಎಲ್ಲ ನೃತ್ಯಶಾಲೆಗಳಲ್ಲೂ ಇದು ಆಗಬೇಕು.

ಕಾರಣ ಅರೆಮಂಡಿ, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತ ನಿಲುವು. ಈ ನಿಲುವಿಗೆ ಕಾಲು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಬೇಕು. ಅಲ್ಲಿ ಬಲ ಸಾಲದ ಹುಡುಗಿಯನ್ನು ಪಕ್ಕದಿಂದ ನೋಡಿ. ಪಾದ ಮಾತ್ರ ಹೊರಕ್ಕೆ ತಿರುಗಿರುತ್ತದೆ, ಮಂಡಿ ಒಳಕ್ಕೆ ವಾಲಿರುತ್ತದೆ, ಹೊಟ್ಟೆ ಮುಂದೆ ಬಂದು ಕೆಳಬೆನ್ನು ಒಳಕ್ಕೆ ಕುಸಿದಿರುತ್ತದೆ. ಹಾಗೇ ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ತಟ್ಟಿದರೆ ಮಂಡಿ, ಸೊಂಟ ಎರಡೂ ಹಿಡಿದುಕೊಳ್ಳುತ್ತವೆ. ಆಗ ‘ಸಾಧನೆ ಅಂದ್ಮೇಲೆ ನೋವು ಇದ್ದೇ ಇರುತ್ತೆ’ ಎಂದು ಮಗುವಿನ ಬಾಯಿ ಮುಚ್ಚಿಸುವುದು ನ್ಯಾಯವಲ್ಲ.

ಪಿಲಾಟಿಸ್‌ಗೂ ನರ್ತಕರಿಗೂ ಹಳೆಯ ನಂಟು. ಇದನ್ನು ರೂಪಿಸಿದ, 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟಿಸ್ ಆಸ್ತಮಾ, ರಿಕೆಟ್ಸ್‌ಗಳಿಂದ ನರಳಿದ ಬಡಕಲು ಹುಡುಗ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಬಂಧನ ಶಿಬಿರದಲ್ಲಿದ್ದ. 1920ರ ದಶಕದಲ್ಲಿ ನ್ಯೂಯಾರ್ಕ್‌ಗೆ ಹೋಗಿ, ಹೆಂಡತಿ ಕ್ಲಾರಾ ಜೊತೆಗೂಡಿ ವ್ಯಾಯಾಮಶಾಲೆ ನಡೆಸಿದ. ಜಾರ್ಜ್ ಬ್ಯಾಲಂಚಿನ್, ಮಾರ್ಥಾ ಗ್ರಹಾಂ ಅಂಥ ದೊಡ್ಡ ನೃತ್ಯ ಸಂಯೋಜಕರು ಅವನ ವಿದ್ಯೆಯನ್ನು ನಂಬಿದ್ದರು. ಪೆಟ್ಟಾದ ನರ್ತಕರು ಅಲ್ಲಿಗೆ ಬಂದು ಮತ್ತೆ ವೇದಿಕೆಗೆ ಮರಳುತ್ತಿದ್ದರು.

ನಾನು ಮೊದಲು ಮಾಡಿಸುವುದು ಸೇತುವೆ. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಉಸಿರು ಬಿಡುತ್ತಾ ಬೆನ್ನುಮೂಳೆಯ ಒಂದೊಂದೇ ಮಣಿಯನ್ನು ನೆಲದಿಂದ ಬಿಡಿಸಿ ಸೊಂಟ ಎತ್ತಬೇಕು, ಇಳಿಸುವಾಗಲೂ ಒಂದೊಂದೇ. ಪೂರ್ತಿ ತಿಲ್ಲಾನ ಕುಣಿಯುವ ಹುಡುಗಿಯರ ತೊಡೆ ಇಲ್ಲಿ ಗಡಗಡ ನಡುಗುತ್ತದೆ. ಹೊಟ್ಟೆಯ ತೀರಾ ಒಳಪದರದ ಸ್ನಾಯು ಡಾಬಿನ ಹಾಗೆ ನಡುವನ್ನು ಸುತ್ತುವರಿದಿದೆ. ಅದಕ್ಕೂ ಪೃಷ್ಠದ ಸ್ನಾಯುಗಳಿಗೂ ಕೆಲಸ ಕಲಿಸಿದ ಮೇಲೆ ಅರೆಮಂಡಿಯಲ್ಲಿ ಬೆನ್ನು ತಾನಾಗಿ ನೆಟ್ಟಗಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮನಸ್ಸಿಗೆ ಸಿಗುವ ಲಾಭವೂ ಕಡಿಮೆಯದಲ್ಲ. ಎಷ್ಟೋ ಮಕ್ಕಳು ಜತಿ ಶುರುವಾದರೆ ಉಸಿರು ಕಟ್ಟಿಕೊಂಡು ತೀರ್ಮಾನದ ತನಕ ಓಡುತ್ತಾರೆ. ಉಸಿರು ಎದೆಯಲ್ಲಿ ಸಿಕ್ಕಿಕೊಂಡರೆ ಗಾಬರಿ, ಗಾಬರಿಯಾದರೆ ತಾಳ ಮರೆವು. ಪಿಲಾಟಿಸ್‌ನಲ್ಲಿ ‘ಹಂಡ್ರೆಡ್’ ಎಂಬುದೊಂದಿದೆ: ತಲೆ, ಕಾಲು ಎತ್ತಿ ಹಿಡಿದು, ಐದು ಎಣಿಕೆಗೆ ಉಸಿರು ಒಳಗೆ, ಐದು ಎಣಿಕೆಗೆ ಹೊರಗೆ, ಜೊತೆಗೆ ಎಣಿಕೆಗೊಮ್ಮೆ ಕೈ ಮೇಲೆ ಕೆಳಗೆ. ಹೀಗೆ ಹತ್ತು ಸುತ್ತು. ಎಣಿಕೆ, ಉಸಿರು, ಹೊಟ್ಟೆಯ ಬಿಗಿ ಮೂರನ್ನೂ ಹಿಡಿದಿರುವಾಗ ನಾಳಿನ ಗಣಿತ ಪರೀಕ್ಷೆ ತಲೆಗೆ ಬರುವುದಿಲ್ಲ. ಮೈ ದುಡಿಯುತ್ತಿರುವಾಗಲೂ ಉಸಿರು ತನ್ನ ಹಿಡಿತದಲ್ಲಿದೆ ಎಂದು ಗೊತ್ತಾದ ಮಗು ವೇದಿಕೆಯ ಮೇಲೆ ಅಷ್ಟು ಬೆದರುವುದಿಲ್ಲ.

ಯೋಗದ ಊರಿನಲ್ಲಿ ಇದೇಕೆ ಎಂದು ಕೇಳುವವರಿದ್ದಾರೆ. ಯೋಗ ಬಿಡಿ ಎಂದು ನಾನು ಯಾರಿಗೂ ಹೇಳಿಲ್ಲ. ಕೆಳಬೆನ್ನು ನೋವಿನ ಬಗ್ಗೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆಯೂ ಸುಮ್ಮನಿರುವುದಕ್ಕಿಂತ ಪಿಲಾಟಿಸ್ ಒಳ್ಳೆಯದೆನ್ನುತ್ತದೆಯೇ ಹೊರತು, ಬೇರೆ ವ್ಯಾಯಾಮಗಳಿಗಿಂತ ಮೇಲು ಎನ್ನಲು ಗಟ್ಟಿ ಆಧಾರವಿಲ್ಲ ಎಂದೇ ಹೇಳುತ್ತದೆ. ಆದರೂ ನೃತ್ಯಕ್ಕೆ ಬೇಕಾದ ಸೊಂಟದ ಬಲವನ್ನು ಪಿಲಾಟಿಸ್ ನೇರವಾಗಿ ಕೊಡುತ್ತದೆ, ನನಗೆ ಅದು ಮುಖ್ಯ.

ಸ್ಪ್ರಿಂಗ್ ಕಟ್ಟಿದ ರಿಫಾರ್ಮರ್ ಯಂತ್ರ, ದುಬಾರಿ ಸ್ಟುಡಿಯೊ ನೋಡಿ ಹಿಂಜರಿಯಬೇಡಿ. ಜೋಸೆಫ್ 1945ರ ತನ್ನ ಪುಸ್ತಕದಲ್ಲಿ ಕೊಟ್ಟ 34 ವ್ಯಾಯಾಮಗಳೂ ಚಾಪೆಯ ಮೇಲಿನವು. ಆದರೆ ವಿಡಿಯೊ ನೋಡಿ ಕಲಿಸಲು ಹೋಗಬೇಡಿ, ಗುರುಗಳೇ ಮೊದಲು ಬಲ್ಲವರ ಹತ್ತಿರ ಕಲಿಯಬೇಕು. ಡಿಸ್ಕ್ ತೊಂದರೆ ಇರುವವರು, ಈಚೆಗೆ ಹೆರಿಗೆಯಾದವರು ಫಿಸಿಯೋಥೆರಪಿಸ್ಟ್‌ರನ್ನು ಕೇಳಿಯೇ ಶುರುಮಾಡಲಿ. ರಂಗಪ್ರವೇಶಕ್ಕೆ ರೇಷ್ಮೆ, ಒಡವೆ, ಪಕ್ಕವಾದ್ಯ ಎಂದು ಲಕ್ಷಗಟ್ಟಲೆ ಸುರಿಯುವ ತಂದೆತಾಯಿಯರು ಅದಕ್ಕೂ ಮೊದಲೇ ಮಗಳ ಗುರುಗಳನ್ನು ಕೇಳಬೇಕು: ಇವಳ ಮಂಡಿಗೆ, ಬೆನ್ನಿಗೆ ನೀವು ಏನು ಮಾಡಿಸುತ್ತಿದ್ದೀರಿ?