ಬೀದಿಯ ಮರಕ್ಕೊಂದು ಅರ್ಜಿ

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ನಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿರುವ ಮಳೆಮರವೊಂದರ ಕಾಂಡಕ್ಕೆ ಯಾರೋ ಒಂದು ಕಾಗದವನ್ನು ಅಂಟಿಸಿ ಹೋಗಿದ್ದರು. ಹಾಲು ತರಲೆಂದು ದಿನವೂ ಅದರ ಮುಂದೆಯೇ ಹಾದುಹೋಗುತ್ತಿದ್ದ ನಾನು, ಮನೆಪಾಠದ ಜಾಹೀರಾತಿರಬೇಕೆಂದು ಭಾವಿಸಿ ಸುಮ್ಮನಾಗಿದ್ದೆ. ನಾಲ್ಕನೆಯ ದಿನ ಎದುರು ಮನೆಯ ಟೀಚರಮ್ಮನವರು ತಡೆದು, "ಸ್ವಲ್ಪ ಕನ್ನಡಕ ಹಾಕಿಕೊಂಡು ಓದಿ ಸ್ವಾಮಿ" ಎಂದರು. ರಸ್ತೆಯ ಅಗಲೀಕರಣಕ್ಕಾಗಿ ಐವತ್ತಕ್ಕೂ ಮಿಕ್ಕಿದ ಮರಗಳನ್ನು ಕಡಿಯಲಾಗುವುದೆಂದೂ, ಆಕ್ಷೇಪಣೆಯುಳ್ಳವರು ನಿಗದಿಯಾದ ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದೆಂದೂ ಅದರಲ್ಲಿತ್ತು. ಗಡುವಿಗೆ ಉಳಿದಿದ್ದುದು ಆರೇ ದಿನ.

ಅಂದು ರಾತ್ರಿಯೇ ಕುಳಿತು ಅರ್ಜಿ ಬರೆದೆ. ಕಾಯುತ್ತಿರುವ ಭೂಮಿ, ಕರಗುತ್ತಿರುವ ಹಿಮಾಲಯ, ಮೊಮ್ಮಕ್ಕಳ ಭವಿಷ್ಯ, ಯಾವುದನ್ನೂ ಬಿಡಲಿಲ್ಲ. ಶೈಲಿ ಗಂಭೀರವಾಗಿದೆಯೆಂದು ನನ್ನಾಕೆ ಸಹ ಒಪ್ಪಿದಳು. ಅವಳು ಸುಲಭವಾಗಿ ಒಪ್ಪುವವಳಲ್ಲ. ಟೀಚರಮ್ಮನವರು ಮಾತ್ರ ಕೊನೆಯವರೆಗೆ ಓದಿ, "ಎಲ್ಲ ಸರಿ. ಇದನ್ನು ಓದಿದ ಅಧಿಕಾರಿ ನಾಳೆ ಏನು ಮಾಡಬೇಕು?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಹವಾಮಾನದ ವಿಷಯದಲ್ಲಿ ನಾವು ಅರ್ಜಿದಾರರು ಮಾಡುವ ತಪ್ಪೆಲ್ಲ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ನಮ್ಮ ದೂರು ಆಕಾಶದಷ್ಟು ದೊಡ್ಡದು. ಪಾಲಿಕೆಯ ಕೈಯಲ್ಲಿರುವುದು ಬೀದಿಮರ, ರಾಜಕಾಲುವೆ, ಕೆರೆಯಂಗಳ, ಕಸದ ಗಾಡಿ. ಆದರೆ ಬಿಸಿಲಿನ ಬೇಗೆಯನ್ನು ಹೆಚ್ಚಿಸುವುದೂ ತಗ್ಗಿಸುವುದೂ ಇವೇ ತಾನೆ? ಬೆಂಗಳೂರಿನ ಬೀದಿಮರಗಳನ್ನು ಕುರಿತು ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮರಗಳಿಲ್ಲದ ರಸ್ತೆಗಿಂತ ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೂ, ಡಾಂಬರಿನ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೂ ಕಡಿಮೆಯಿದ್ದುದನ್ನು ಅವರು ಅಳೆದು ಕಂಡರು. ಬರಿಗಾಲಿನಲ್ಲಿ ಸೊಪ್ಪು ಮಾರಿಕೊಂಡು ಬರುವ ಮುದುಕಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾದುದಿಲ್ಲ.

ಮರುದಿನ ಬೆಳಗ್ಗೆ ಟೀಚರಮ್ಮನವರು ಹಳೆಯ ಹಾಜರಿ ಪುಸ್ತಕವನ್ನೂ ಟೈಲರ್ ಟೇಪನ್ನೂ ಹಿಡಿದು ಹೊರಟರು. ಜೊತೆಗೆ ಮೊಮ್ಮಗಳು, ಹಿಂದೆ, ಛತ್ರಿ ಹಿಡಿದು ನಾನು. ಮರದ ಜಾತಿ ಯಾವುದು, ಸುತ್ತಳತೆ ಎಷ್ಟು, ಯಾವ ಮನೆಯ ಮುಂದಿದೆ, ನಕ್ಷೆಯಲ್ಲಿ ತೋರಿಸಿದ ಗೆರೆಯೊಳಗೆ ನಿಜವಾಗಿಯೂ ಬರುವುದೇ ಇಲ್ಲವೇ ಎಂದು ಒಂದೊಂದಕ್ಕೂ ಒಂದು ಸಾಲು. ಎರಡು ದಿನದಲ್ಲಿ ಪುಸ್ತಕ ತುಂಬಿತು. ಹಲವು ಮರಗಳು ಗೆರೆಯಿಂದ ಆಚೆಗೇ ಇದ್ದವು!

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ನಮಗೆ ಕೊಡುವ ಹಿಡಿ ಇಂಥದ್ದು. ಸಾರ್ವಜನಿಕ ಕಾಮಗಾರಿಗೆಂದು ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದರೆ, ವೃಕ್ಷಾಧಿಕಾರಿಗಳು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆಗಳನ್ನು ಕೇಳಲೇಬೇಕು. ಆ ಕಾಗದವನ್ನು ಮರಕ್ಕೆ ಅಂಟಿಸಿದವರು ನಮ್ಮ ಮೇಲಿನ ಪ್ರೀತಿಯಿಂದ ಅಂಟಿಸಿದ್ದಲ್ಲ. ಗಡುವಿನೊಳಗೆ ತಲುಪಿದ ಆಕ್ಷೇಪಣೆಗೆ ಇರುವ ಬೆಲೆ ಗಡುವು ದಾಟಿದ ಮೇಲೆ ಸುರಿಸಿದ ಕಣ್ಣೀರಿಗೆ ಇಲ್ಲ.

ದೊಡ್ಡ ಹೋರಾಟಗಳ ತಿರುಳೂ ಇದೇ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರು ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ ಹೊರಟಾಗ, 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಮಂದಿ ಕೈ ಕೈ ಹಿಡಿದು ರಸ್ತೆಬದಿಯಲ್ಲಿ ನಿಂತರು. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡವರೂ ಇದ್ದರು, ಊರುಗೋಲು ಹಿಡಿದವರೂ ಇದ್ದರು. ಅವರ ಬಾಯಲ್ಲಿದ್ದುದು 812 ಮರಗಳೆಂಬ ಖಚಿತವಾದ ಲೆಕ್ಕ, ಮತ್ತು ಜನರನ್ನು ಏಕೆ ಕೇಳಲಿಲ್ಲವೆಂಬ ಖಚಿತವಾದ ಪ್ರಶ್ನೆ. ಹಸಿರು ನ್ಯಾಯಮಂಡಳಿ ಆ ತಿಂಗಳಲ್ಲಿಯೇ ತಡೆಯಾಜ್ಞೆ ಕೊಟ್ಟಿತು. 2017ರ ಮಾರ್ಚ್ ತಿಂಗಳಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಹಾಗೆ ಕೈಬಿಡುವುದಕ್ಕೆ ರಾಜಕೀಯದ ಕಾರಣಗಳೂ ಕೂಡಿಕೊಂಡಿದ್ದವೆಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ.

ಈಗ ಪಾಲಿಕೆಯೇ ಬರೆದಿಟ್ಟ ಮಾತೂ ನಮ್ಮ ಕಡೆಗಿದೆ. 2023ರ ನವೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹವಾಮಾನ ಕ್ರಿಯಾಯೋಜನೆಯೊಂದನ್ನು ಹೊರತಂದು, 2050ರ ಗುರಿಯನ್ನೂ ಇಟ್ಟುಕೊಂಡಿತು. 2025ರಲ್ಲಿ ಆ ಪಾಲಿಕೆ ಹೋಗಿ ಐದು ಪಾಲಿಕೆಗಳಾದವು. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೂ ನಡೆಯಲಿಲ್ಲ. ಕೇಳುವ ಸದಸ್ಯನಿಲ್ಲದ ಊರಿನಲ್ಲಿ ಕೇಳುವ ಕೆಲಸ ಮನೆಯವರ ಮೇಲೆಯೇ ಬೀಳುತ್ತದೆ. "ನಮ್ಮ ವಾರ್ಡಿಗೆ ಈ ಯೋಜನೆಯಲ್ಲಿ ಈ ವರ್ಷ ಏನಿದೆ? ಹಣವೆಷ್ಟು?" ಎಂದು ಮಾಹಿತಿ ಹಕ್ಕಿನಡಿ ಕೇಳುವುದಕ್ಕೆ ಹತ್ತು ರೂಪಾಯಿ ಶುಲ್ಕ ಸಾಕು.

ನಮ್ಮ ರಸ್ತೆಯ ಕಥೆ? ಗಡುವಿನ ಹಿಂದಿನ ದಿನ ಹದಿನಾಲ್ಕು ಮಂದಿ ಸೇರಿ ಹೋಗಿ ಆಕ್ಷೇಪಣೆ ಕೊಟ್ಟು, ಮುದ್ರೆ ಹಾಕಿಸಿದ ಪ್ರತಿಯನ್ನು ಕೈಯಲ್ಲಿ ಹಿಡಿದೇ ಮರಳಿದೆವು. ನನ್ನ ಹಿಮಾಲಯದ ಅರ್ಜಿಯೂ ಅದರ ಅಡಿಯಲ್ಲಿತ್ತು. ಅದನ್ನು ಯಾರಾದರೂ ಓದಿದರೆಂದು ನನಗೆ ನಂಬಿಕೆಯಿಲ್ಲ. ಅಧಿಕಾರಿಗಳು ಸ್ಥಳಕ್ಕೆ ಬಂದರು, ಹಾಜರಿ ಪುಸ್ತಕವನ್ನು ತಿರುವಿದರು, ತಾವೂ ಟೇಪು ಹಿಡಿದರು. ಪೂರ್ವದ ಸಾಲು ಉಳಿಯಿತು. ಪಶ್ಚಿಮದ ಸಾಲು ಹೋಯಿತು. ಆ ಮಳೆಮರವೂ ಹೋಯಿತು. ಅದನ್ನು ಕಡಿದ ದಿನ ಟೀಚರಮ್ಮನವರು ಬಾಗಿಲು ತೆರೆಯಲಿಲ್ಲ.

ಹೋದ ಮರಗಳಿಗೆ ಬದಲಾಗಿ ಸಸಿ ನೆಡುವುದಾಗಿ ಹೇಳಿದ್ದರು. ಎಷ್ಟು ನೆಟ್ಟರು, ಎಷ್ಟು ಬದುಕಿವೆ ಎಂದು ತಿಂಗಳಿಗೊಮ್ಮೆ ಎಣಿಸಿ ಕಚೇರಿಗೆ ಬರೆದು ತಿಳಿಸುವುದಕ್ಕೆ ಅದೇ ಪುಸ್ತಕದ ಹಿಂದಿನ ಹಾಳೆಗಳು ಒದಗಿವೆ. ನಿನ್ನೆ ಮೊಮ್ಮಗಳು ಬಂದು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಈ ತಿಂಗಳ ಸರದಿ ನನ್ನದಂತೆ.